ದೀಪ ಹಚ್ಚುವ ಮುಂಚೆ ಮನೆ ಸೇರುವವನು

೧೯೫೪ರ ನವೆಂಬರ್ ೧೯, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಮಡಿಕೇರಿಯ ಆಸ್ಪತ್ರೆ ಜಗಲಿಯಲ್ಲಿ ಕೂತ ಸಣ್ಣಸ್ವಾಮಿ ಮತ್ತೊಮ್ಮೆ ಬಿಸಿಲು ನೋಡಿದ.

"ಇವತ್ತೂ ನಾಲ್ಕು ಗಂಟೆ ಬಸ್ಸೇ ಆಗಬೇಕಾ?" ವಿಶಾಲಾಕ್ಷಿ ಕಣ್ಣಂಚಿನಲ್ಲೇ ನಕ್ಕಳು. "ನೀವು ಹೋಗದೆ ನಿಮ್ಮಮ್ಮ ದೀಪ ಹಚ್ಚಲ್ವೇನೋ, ಪಾಪ."

ಕುಶಾಲನಗರದಲ್ಲಿ ಅವನಿಗೆ ಆ ಹೆಸರೇ ಇತ್ತು: ದೀಪ ಹಚ್ಚುವ ಮುಂಚೆ ಮನೆ ಸೇರುವ ಹುಡುಗ. ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆಗಳಲ್ಲಿ ಅವನನ್ನು ತೋರಿಸಿ ಗಂಡುಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಆ ಹೊಗಳಿಕೆಯ ಮರೆಯಲ್ಲಿ ಅವನು ಬಹಳ ವರ್ಷ ಅಡಗಿದ್ದ. ಹೋದ ತಿಂಗಳು ಕಾವೇರಿ ಸೇತುವೆಯ ಮೇಲೆ ವಿಶಾಲಾಕ್ಷಿ ಏನೋ ಹೇಳಲು ಬಾಯಿ ತೆರೆದಾಗ, ಹೊತ್ತು ಮುಳುಗಿತೆಂದು ಅವಳನ್ನು ಅಲ್ಲೇ ಬಿಟ್ಟು ಬಂದಿದ್ದ.

ಇಬ್ಬರ ನಡುವೆ ಅವನ ಅಕ್ಕನ ಮಗಳು ಚಿನ್ನ ಕಾಲಾಡಿಸುತ್ತಿದ್ದಳು. ಏಳು ವರ್ಷ. ಸಂಜೆಯಾದರೆ ಎಡವುತ್ತಾಳೆಂದು ಮೊದಲು ಗಮನಿಸಿದವಳು ಅವಳ ಟೀಚರ್ ವಿಶಾಲಾಕ್ಷಿಯೇ. ಗೋಣಿಕೊಪ್ಪಲಿನವರೆಗೂ ವಿಚಾರಿಸಿ, ತಿಂಗಳಿಗೊಮ್ಮೆ ಮೈಸೂರಿನಿಂದ ಬರುವ ಈ ಕಣ್ಣಿನ ಡಾಕ್ಟರನ್ನು ಹುಡುಕಿದವಳೂ ಅವಳೇ. ಅಕ್ಕ ಬಾಣಂತಿ, ಭಾವನಿಗೆ ಗದ್ದೆ ಕೆಲಸ. ಹಾಗಾಗಿ ಮಗುವಿನ ಸೋದರಮಾವನಾದ ಸಣ್ಣಸ್ವಾಮಿ ಬಂದಿದ್ದ.

ಡಾಕ್ಟರು ಕತ್ತಲೆ ಕೋಣೆಯಲ್ಲಿ ಮಗುವಿನ ಕಣ್ಣಿನೊಳಗೆ ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು.

"ಅಕ್ಷಿಪಟಲದಲ್ಲಿ ಕಾಯಿಲೆಯ ಕಪ್ಪು ಚುಕ್ಕೆ ಇನ್ನೂ ಕಾಣ್ತಿಲ್ಲ. ಊಟದ ಕೊರತೆಯೂ ಇರಬಹುದು, ವಂಶದ ಕಾಯಿಲೆಯೂ ಇರಬಹುದು. ತಂದೆ ತಾಯಿ ಸಂಬಂಧಿಕರಾ?"

"ಹೌದು ಸಾರ್. ಅಕ್ಕನನ್ನ ನಮ್ಮ ಸೋದರಮಾವನಿಗೇ ಕೊಟ್ಟಿದ್ದು."

"ಮನೇಲಿ ಬೇರೆ ಯಾರಿಗಾದ್ರೂ ಇರುಳುಗಣ್ಣು?"

ಪಕ್ಕದಲ್ಲಿ ವಿಶಾಲಾಕ್ಷಿ ನಿಂತಿದ್ದಳು. "ಇಲ್ಲ," ಎಂದ ಸಣ್ಣಸ್ವಾಮಿ.

"ಹಾಗಾದ್ರೆ ಮೀನೆಣ್ಣೆ ಕೊಟ್ಟು ನೋಡೋಣ. ವಾಸಿಯಾಗಬಹುದು."

ಹೊರಗೆ ಬರುವಾಗ ವಿಶಾಲಾಕ್ಷಿಯ ಮುಖ ಅರಳಿತ್ತು. ಚಿನ್ನ ಅವನ ಬೆರಳು ಜಗ್ಗಿದಳು. "ಮಾವ, ಎಣ್ಣೆ ಕುಡಿದ್ರೆ ನಂಗೂ ನಕ್ಷತ್ರ ಕಾಣ್ತವಾ?"

ಸಣ್ಣಸ್ವಾಮಿ ಅಲ್ಲೇ ನಿಂತ. ಇದೇ ವಯಸ್ಸಿನಲ್ಲಿ ಅವನೂ ಅಮ್ಮನನ್ನು ಇದೇ ಮಾತು ಕೇಳಿದ್ದ. ಕಾಣ್ತವೆ ಅಂತ ಎಲ್ಲರಿಗೂ ಹೇಳು, ಇಲ್ಲದಿದ್ದರೆ ನಿನಗೆ ಯಾರೂ ಹೆಣ್ಣು ಕೊಡಲ್ಲ ಎಂದಿದ್ದಳು ಅಮ್ಮ.

ಅವನು ತಿರುಗಿ ಒಳಗೆ ಹೋದ.

"ಸಾರ್, ಸುಳ್ಳು ಹೇಳಿದೆ. ನನಗೂ ಇದೆ. ಹುಟ್ಟಿದಾಗಿನಿಂದ." ತಲೆ ಎತ್ತಲಾಗಲಿಲ್ಲ. ಹಿಂದೆ ವಿಶಾಲಾಕ್ಷಿಯ ಬಳೆ ಸದ್ದಾಯಿತು.

"ಸೇತುವೆ ಮೇಲೆ…" ಎಂದಳು ಮೆಲ್ಲಗೆ.

"ಕಾಣ್ತಿರಲಿಲ್ಲ, ಟೀಚರ್. ನಿಮ್ಮ ಮುಖವೂ ಕಾಣ್ತಿರಲಿಲ್ಲ."

"ನಾನು ಮನೆಗೆ ಹೋಗಿ ಅತ್ತೆ ಕಣ್ರೀ. ನನ್ನ ಮಾತು ಕೇಳೋದೂ ಬೇಡವಾಯ್ತು ನಿಮಗೆ ಅಂತ." ದನಿ ನಡುಗಿತು. "ಮಗು ವಿಷಯದಲ್ಲೂ ಸುಳ್ಳು ಹೇಳಬಹುದಾ?"

ನಾಲ್ಕು ಗಂಟೆ ಬಸ್ಸಿನ ಹಾರನ್ ದೂರದಲ್ಲಿ ಕೇಳಿ ನಿಂತಿತು.

ಅವಳು ಕಣ್ಣೊರೆಸಿಕೊಂಡು ಡಾಕ್ಟರ ಕಡೆ ತಿರುಗಿದಳು. ಚಿನ್ನನಿಗೆ ವಾಸಿಯಾಗುತ್ತದಾ? ಹಾಗಾದರೆ ಇದು ವಂಶದ್ದೇ, ಇದಕ್ಕೆ ಔಷಧಿ ಇಲ್ಲಮ್ಮ. ಓದಬಹುದಾ? ಎದುರಿಗಿರುವುದು ಇನ್ನೂ ಬಹಳ ವರ್ಷ ಕಾಣುತ್ತದೆ. ಮುಂದಿನ ಬೆಂಚು, ಒಳ್ಳೆಯ ದೀಪ ಕೊಡಿ. ಸಂಜೆ ಕೈ ಹಿಡಿದು ನಡೆಸಿ, ಬೈಯಬೇಡಿ.

ಕೊನೆಯ ಪ್ರಶ್ನೆಗೆ ಅವಳು ಸ್ವಲ್ಪ ತಡೆದಳು. "ಇವರು ಸಂಬಂಧದ ಹೊರಗಿನವಳನ್ನ ಮದುವೆಯಾದ್ರೆ ಸಾರ್? ಮಕ್ಕಳಿಗೆ?"

"ಬರೋ ಸಂಭವ ಬಹಳ ಕಡಿಮೆ. ನೀವು ಇವರಿಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ," ಎಂದಳು. ಕಿವಿಯವರೆಗೂ ಕೆಂಪೇರಿತು. "ಅದೇ ಒಳ್ಳೇದಲ್ವಾ, ಸಾರ್?"

ಡಾಕ್ಟರು ಕೆಮ್ಮಿ, ನೋಟದ ಅಗಲ ಎಷ್ಟು ಉಳಿದಿದೆ ಎಂದು ಅಳೆಯಲು, ಕಮಾನಿನಂಥ ಕಬ್ಬಿಣದ ಪಟ್ಟಿಯ ಮುಂದೆ ಸಣ್ಣಸ್ವಾಮಿಯನ್ನು ಕೂರಿಸಿ ಅವನ ಎಡಗಣ್ಣು ಮುಚ್ಚಿದರು. ನೇರ ನೋಡಬೇಕು, ತೊಂಬತ್ತು ಡಿಗ್ರಿಯ ಅಂಚಿನಿಂದ ಬರುವ ಬಿಳಿ ಚುಕ್ಕೆ ಕಂಡಾಗ ಹೇಳಬೇಕು. ನೇರಕ್ಕೆ, ಪಟ್ಟಿಯ ಆಚೆ, ವಿಶಾಲಾಕ್ಷಿ ಬಂದು ನಿಂತಳು. ಇನ್ನೂ ಒದ್ದೆಯಾಗಿದ್ದ ಆ ಕಣ್ಣುಗಳನ್ನು ನೋಡಲು ಅವನಿಗೆ ನಾಚಿಕೆಯಾಯಿತು. ಆದರೂ ನೋಡಿದ.

"ಉಳಿದಿರೋ ಅಷ್ಟು ನೋಟದಲ್ಲಿ ನಾನು ಹಿಡಿಸ್ತೀನಾ?"

"ಮುಖ ಪೂರ್ತಿ ಹಿಡಿಸುತ್ತೆ, ವಿಶಾಲು."

"ಸಾಕು. ಕತ್ತಲಾದ ಮೇಲೆ ಬಸ್ಸಿಗೆ ನಾನು ಕರ್ಕೊಂಡು ಹೋಗ್ತೀನಿ. ಒಂದು ಕೈ ಚಿನ್ನನಿಗೆ, ಒಂದು ನಿಮಗೆ."

ಬಿಳಿ ಚುಕ್ಕೆ ನಿಧಾನವಾಗಿ ಒಳಗೆ ಸರಿಯಿತು. "ಕಂಡಿತು," ಎಂದ ಅವನು.

ಡಾಕ್ಟರು ಪಟ್ಟಿಯ ಮೇಲಿನ ಅಂಕಿ ಓದಿದರು: "ಬಲಗಣ್ಣು, ಹದಿನೈದು ಡಿಗ್ರಿ."