ಏಳನೇ ಬೋರಿನ ಬಿರುಕು

"ಮಷೀನ್ ಬಂದ್ ಮಾಡ್ರಿ."

ಡೀಸೆಲ್ ಇಂಜಿನ್ನಿನ ಗದ್ದಲದ ನಡುವೆಯೂ ಆ ದನಿ ಕೇಳಿಸಿತು. ಬೋರ್ ಕೊರೆಯುತ್ತಿದ್ದ ರೇವಣಸಿದ್ದಯ್ಯ ತಿರುಗಿ ನೋಡಿದ. ಕಾಟನ್ ಸೀರೆ, ಕಾಲಲ್ಲಿ ಗಂಡಸರ ಬೂಟು, ಹೆಗಲ ಮೇಲೆ ನೀರಿನ ಮಟ್ಟ ಅಳೆಯುವ ಟೇಪು... ಇವಳ್ಯಾರು?

"ಈಗ ಬಂದ್ ಮಾಡಿದ್ರ ರಾಡು ಒಳಗ ಸಿಕ್ಕೊಂತದ್ರಿ ಮೇಡಂ. ಆಮ್ಯಾಲ ನೀವು ಎಳೀತೀರೇನು?"

"ಎಳೀತೀನಿ. ನೀರು ಅಳೀಬೇಕು, ಮೊದಲ ಬಂದ್ ಮಾಡ್ರಿ."

ಕೂಲಿಗಳು ಮುಸಿಮುಸಿ ನಕ್ಕರು. ಅವಳು ನಗಲಿಲ್ಲ. ಯಾಕೋ ಏನೋ, ಯಾರ ಮಾತಿಗೂ ಜಗ್ಗದ ರೇವಣಸಿದ್ದಯ್ಯನ ಕೈ ತಾನಾಗಿಯೇ ಇಂಜಿನ್ನಿನ ಕಡೆ ಹೋಯಿತು!

ಅದು ೧೯೮೨. ರಾವೂರಿನ ಹೊರಗೆ ಸೀಸದ ಅದಿರು ಹುಡುಕುತ್ತಿದ್ದ ಸರ್ಕಾರದ ಖನಿಜ ಶೋಧದ ಕ್ಯಾಂಪು. ಅವಳು ಗುರುದೇವಿ, ಶಹಾಬಾದಿನ ಹುಡುಗಿ. ಭೂವಿಜ್ಞಾನ ಓದಿ, ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದಳು. ಅವನು ಚಿಂಚೋಳಿಯವನು, ಡ್ರಿಲ್ಲಿಂಗ್ ಇನ್‌ಚಾರ್ಜ್.

ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲದಾಳದಿಂದ ಬಿಸಿನೀರು ಬಿರುಕುಗಳಲ್ಲಿ ಹರಿದು ಬಂದಿತ್ತು. ತಣ್ಣಗಾದ ಕಡೆ ತನ್ನಲ್ಲಿ ಕರಗಿದ್ದ ಸೀಸವನ್ನು ಬಿಟ್ಟು ಹೋಗಿತ್ತು. ನಮ್ಮ ಕಡೆ ಸ್ನಾನದ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಹಾಗೆಯೇ. ಆ ಹಳೆಯ ಬಿರುಕು ಯಾವ ಕಡೆ ಹೋಗಿದೆ ಎಂದು ತಿಳಿದರೆ ಅದಿರು ಸಿಕ್ಕಂತೆ. ಗುರುದೇವಿ ಬಾವಿ, ಬೋರುಗಳ ನೀರು ಅಳೆಯುತ್ತಿದ್ದಳು. ಲೆಕ್ಕವನ್ನೆಲ್ಲ ಕಂಪ್ಯೂಟರು ಓದುವ ತೂತಿನ ಕಾರ್ಡುಗಳಿಗೆ ಇಳಿಸಿ, ಪೆಟ್ಟಿಗೆ ಹಿಡಿದು ವಾಡಿಯಲ್ಲಿ ರೈಲು ಹತ್ತುತ್ತಿದ್ದಳು. ಹೈದರಾಬಾದಿನ ಕಂಪ್ಯೂಟರು ನೆಲದೊಳಗಿನ ನೀರಿನ ದಾರಿಯನ್ನು ಲೆಕ್ಕ ಹಾಕಿ ಕೊಡುತ್ತಿತ್ತು.

ರೇವಣಸಿದ್ದಯ್ಯನಿಗೆ ಮೊದಮೊದಲು ಇದೆಲ್ಲ ತಮಾಷೆ. ಕುಂತಲ್ಲೇ ಪಾತಾಳ ನೋಡ್ತೀರಲ್ಲ ಎಂದು ಕಿಚಾಯಿಸುತ್ತಿದ್ದ. ಅವಳು ಕೋಪಿಸಿಕೊಳ್ಳದೆ ಮಣ್ಣಲ್ಲಿ ಕಡ್ಡಿಯಿಂದ ಗೆರೆ ಎಳೆದು ವಿವರಿಸುತ್ತಿದ್ದಳು. ದಿನ ಕಳೆದಂತೆ ಅವನ ಬುತ್ತಿಯಲ್ಲಿ ಅವಳಿಗೆಂದು ಎರಡು ಜೋಳದ ರೊಟ್ಟಿ ಜಾಸ್ತಿ ಬರತೊಡಗಿದವು. ಯಾಕೆಂದು ಕ್ಯಾಂಪಿಗೆಲ್ಲ ಗೊತ್ತಿತ್ತು, ಅವರಿಬ್ಬರನ್ನು ಬಿಟ್ಟು!

'ಇವನು ಹತ್ತಿರ ಇದ್ದರೆ ಕೆಲಸ ಯಾಕೆ ಇಷ್ಟು ಹಗುರ?' ಎಂದು ಗುರುದೇವಿ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿದ್ದೂ ಮುಂದಕ್ಕೆ ಹಾಕುತ್ತಿದ್ದಳು.

ಆದರೆ ಕಂಪ್ಯೂಟರು ತೋರಿಸಿದ ಜಾಗದಲ್ಲಿ ಹಾಕಿದ ಎಂಟನೇ ಬೋರು ಖಾಲಿ ಬಂತು. ಬರೀ ಬೂದು ಕಲ್ಲು. ಕ್ಯಾಂಪಿನ ಹಿರಿಯ ಅಧಿಕಾರಿ ಹಣಮಂತರಾಯರು ಅವಳನ್ನು ಕರೆಸಿ, ಇನ್ನೊಂದೇ ಬೋರು ಎಂದರು. ಅದೂ ಖಾಲಿಯಾದರೆ ಕ್ಯಾಂಪ್ ಮುಚ್ಚುತ್ತದೆ. ಅವಳು ಹೈದರಾಬಾದಿನ ಆಫೀಸಿಗೆ, ಡ್ರಿಲ್ಲಿನವರು ಬಳ್ಳಾರಿಯ ಕಡೆಗೆ.

ಗುರುದೇವಿ ಹೆದರಲಿಲ್ಲ. ಲೆಕ್ಕ ಬಿಚ್ಚಿ ಕೂತಳು. ಸುತ್ತಲಿನ ಬಾವಿಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: ಇಲ್ಲೊಂದು ಬಿರುಕಿದೆ, ನೀರು ಅದರೊಳಗೆ ಓಡುತ್ತಿದೆ. ಏಳನೇ ಬೋರು ಮಾತ್ರ ಅಡ್ಡ ಮಾತಾಡುತ್ತಿತ್ತು. ಅದರಲ್ಲಿ ಅವಳೇ ನೀರು ಸುರಿದು ನೋಡಿದ್ದಳು. ಒಂದು ಬೆರಳೂ ಇಳಿದಿರಲಿಲ್ಲ. ಅದನ್ನು ನಂಬಿಯೇ ಕಂಪ್ಯೂಟರು ಅಲ್ಲೊಂದು ಗೋಡೆ ಇದೆಯೆಂದು ತಿಳಿದು, ನೀರನ್ನು ಬೇರೆ ದಾರಿಗೆ ಹಚ್ಚಿತ್ತು.

ಏಳನೇ ಬೋರನ್ನು ನಂಬುವ ಹಾಗಿಲ್ಲ ಎಂದು ಅವಳು ಹಣಮಂತರಾಯರಿಗೆ ಹೇಳುವ ಹೊತ್ತಿಗೆ ರೇವಣಸಿದ್ದಯ್ಯ ಬಾಗಿಲಲ್ಲಿದ್ದ. ಅವನ ಮುಖ ಕಪ್ಪಿಟ್ಟಿತು. ಅವಳು ನೋಡುವ ಮೊದಲೇ ತಿರುಗಿ ಹೊರಟುಹೋದ.

ಮರುದಿನ ರೊಟ್ಟಿ ಬರಲಿಲ್ಲ. ಅದರ ಮರುದಿನವೂ ಇಲ್ಲ. 'ನಾನು ಹೋಗುತ್ತೇನೆಂದು ಇಷ್ಟು ಬೇಗ ದೂರವಾದನೆ?' ಎಂದುಕೊಂಡಳು ಗುರುದೇವಿ. ಮೂಲೆಯಲ್ಲಿ ಕೂತು ಅಳುವುದು ಅವಳ ಜಾಯಮಾನವಲ್ಲ. ನೆಟ್ಟಗೆ ಮಷೀನಿನ ಹತ್ತಿರ ನಡೆದಳು.

"ನನ್ನ ಮ್ಯಾಲ ಸಿಟ್ಟು ಯಾಕ?"

ರೇವಣಸಿದ್ದಯ್ಯ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ. "ನಿಮ್ಮ ಲೆಕ್ಕ ತಪ್ಪಿದ್ದಕ್ಕ ನನ್ನ ಬೋರಿನ ಮ್ಯಾಲ ಹಾಕಿದ್ರಿ. ಅಂಥಾ ಚೊಲೋ ಬೋರು ನಾ ಎಲ್ಲೂ ಹಾಕಿಲ್ರಿ. ಒಳಗಿನ ಕಲ್ಲು ಮುರೀದಂಗ ಇಡೀ ತೆಗದು ಕೊಟ್ಟೀನಿ. ಅಷ್ಟು ದೊಡ್ಡ ಬಿರುಕು ಸಿಕ್ಕರೂ ಕೆಲಸ ನಿಲ್ಲಿಸಲಿಲ್ಲ."

ಗುರುದೇವಿ ಒಂದು ಹೆಜ್ಜೆ ಮುಂದೆ ಬಂದಳು.

"ಬಿರುಕು?... ಏನು ಮಾಡಿದ್ರಿ ಅದಕ್ಕ?"

"ಮುಚ್ಚಿದೆ. ಸಿಮೆಂಟು, ಜ್ವಾಳದ ಹೊಟ್ಟು ಕಲಸಿ ತುಂಬಿದೆ. ಬೋರಿಗೆ ಬಿಟ್ಟ ನೀರು ವಾಪಸ್ ಮ್ಯಾಲ ಬರದಿದ್ರ ರಾಡು ಸಿಕ್ಕೊಂತದ. ಎಲ್ಲಾ ಡ್ರಿಲ್ಲಿನವರೂ ಹಂಗ ಮಾಡೋದು, ಅದರಾಗ ಹೇಳೂದೇನದ? ನೀವು ಕಾರ್ಡಿನ ಪೆಟಿಗಿ ತಗೊಂಡು ರೈಲಿಗೆ ಹೊಂಟಿದ್ರಿ. ನಿಮ್ಮ ಕೆಲಸ ನಿಲ್ಲಬಾರದಂತ ಒಂದು ಹನಿ ಸೋರದಂಗ ಭಾಳ ಮನಸಿಟ್ಟು ಮುಚ್ಚಿದೆ."

ಮನಸಿಟ್ಟು ಮುಚ್ಚಿದನಂತೆ! ಅವಳು ಹುಡುಕುತ್ತಿದ್ದ ಒಂದೇ ಒಂದು ಬಿರುಕನ್ನು, ಅವಳಿಗಾಗಿಯೇ! ಗುರುದೇವಿಗೆ ನಗುವೂ ಬಂತು, ಕಣ್ಣೀರೂ ಬಂತು.

"ಅದೇ ಬಿರುಕು ನಂಗ ಬೇಕಾಗಿತ್ತಲ್ಲೋ ಮಾರಾಯ!"

ಅರ್ಥವಾಗುತ್ತಲೇ ಅವನು ತಲೆ ಹಿಡಿದುಕೊಂಡು ಕಲ್ಲಿನ ಮೇಲೆ ಕುಸಿದ. ತಪ್ಪು ತನ್ನದೂ ಹೌದು, ಕೇಳದೆ ಅಳೆದವಳು ತಾನು ಎಂದು ಅವಳೇ ಅವನನ್ನು ಸಮಾಧಾನ ಮಾಡಬೇಕಾಯಿತು. ಅವನು ಮಾತ್ರ ಅವತ್ತೇ ಹಣಮಂತರಾಯರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಅವಳು ಕಾರ್ಡುಗಳನ್ನು ತಿದ್ದಿ ಹೈದರಾಬಾದಿಗೆ ಹೋಗಿ ಬಂದಳು. ಗೋಡೆ ತೆಗೆದ ಕೂಡಲೇ ಕಂಪ್ಯೂಟರಿನ ನೀರು ಬಿರುಕಿನಲ್ಲಿ ಓಡಿ, ಪಾಳುಬಿದ್ದ ಕಲ್ಲಿನ ಖಣಿಯೊಂದರ ಕೆಳಗೆ ನಿಧಾನವಾಗಿತ್ತು. ಹಳೆಯ ಬಿಸಿನೀರು ತಣ್ಣಗಾಗಿ ಸೀಸ ಬಿಟ್ಟಿದ್ದರೆ ಆ ನಿಧಾನದ ಜಾಗದಲ್ಲೇ ಎಂದು ಗುರುದೇವಿ ಅಲ್ಲಿಯೇ ಗೂಟ ಹೊಡೆಸಿದಳು.

ಒಂಬತ್ತನೇ ಬೋರು. ಅರ್ಧ ದಾರಿಯಲ್ಲಿ ನೀರು ವಾಪಸ್ ಬರುವುದು ನಿಂತಿತು. ಕೂಲಿಗಳು ರೂಢಿಯಂತೆ ಹೊಟ್ಟಿನ ಚೀಲ ಹೊತ್ತು ತಂದರೆ ರೇವಣಸಿದ್ದಯ್ಯ ಬೇಡವೆಂದ. ರಾಡು ಸಿಕ್ಕಿಕೊಂಡರೆ ಇದ್ದ ಒಂದು ಬೋರೂ ಹೋಗುತ್ತಿತ್ತು. ಅವನು ಟ್ಯಾಂಕರಿನ ನೀರು ಬಿಡುತ್ತಾ, ಅಂಗುಲ ಅಂಗುಲವೇ ಇಳಿಸಿದ.

ಇಳಿಹೊತ್ತಿಗೆ ಕಲ್ಲು ತುಂಬಿದ ಪೈಪು ಮೇಲೆ ಬಂತು. ಅದನ್ನು ಬಿಚ್ಚಲು ಸುತ್ತಿಗೆ ಎತ್ತಿದವನು ಹಾಗೆಯೇ ನಿಂತ. ಹಣಮಂತರಾಯರಿಗೆ ಸುದ್ದಿ ಕೊಟ್ಟು ಬನ್ನಿರೆಂದು ಕೂಲಿಗಳನ್ನು ಕಳಿಸಿ, ಪಕ್ಕದಲ್ಲಿದ್ದ ಗುರುದೇವಿಯ ಕಡೆ ತಿರುಗಿದ.

"ಅದಿರು ಬಂದ್ರ ನೀವು ದೊಡ್ಡವರಾಗ್ತೀರಿ, ಆಗ ಕೇಳಾಕ ನಂಗ ಬಾಯಿ ಬರಲ್ಲ. ಖಾಲಿ ಬಂದ್ರ ಮರುಗಿ ಕೇಳಿದಂಗ ಆಗ್ತದ. ಅದಕ್ಕ ಈಗ ಕೇಳಾಕತ್ತೀನಿ... ನನ್ನ ಮದುವಿ ಆಗ್ತೀರೇನು?"

ಗುರುದೇವಿ ಪೈಪಿನ ಕಡೆ ನೋಡಲೇ ಇಲ್ಲ.

"ಆಗ್ತೀನಿ. ಕ್ಯಾಂಪ್ ಇದ್ರೂ ಆಗ್ತೀನಿ, ಮುಚ್ಚಿದ್ರೂ ಆಗ್ತೀನಿ. ಈಗ ಬಿಚ್ರಿ, ಅದು ಖಾಲಿ ಇರಾಂಗಿಲ್ಲ."

ಪೈಪಿನ ಮೇಲೆ ಸುತ್ತಿಗೆ ಬಿತ್ತು. ಬೂದು ಕಲ್ಲು ಜಾರಿ ಬಂತು, ಅದರ ಹಿಂದೆಯೇ ಇಳಿಬಿಸಿಲಿಗೆ ಫಳಫಳ ಹೊಳೆಯುವ ಸೀಸದ ಅದಿರು, ಒಂದು ಮೊಳ ಉದ್ದ! ಗುರುದೇವಿ ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದರ ಭಾರಕ್ಕೆ ಅವಳ ಮೊಣಕೈ ಬಾಗಿತು. ತಲೆಯೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ.

"ನನ್ನೇನು ನೋಡ್ತೀರಿ? ಇದನ್ನ ನೋಡ್ರಿ."

"ಅದನ್ನ ನೀವು ನೋಡ್ರಿ," ಎಂದ ರೇವಣಸಿದ್ದಯ್ಯ. "ನಂದು ನಂಗ ಆಗಲೇ ಸಿಕ್ಕದ."