ಅವ್ವನ ಪತ್ರಾ ಕಣಜ

ಅವ್ವನ ಜ್ವಾಳದ ಪತ್ರಾ ಕಣಜದ ತಗಡು ಕೊಯ್ದು ನಾನು ಜೀಪಿಗೆ ಟ್ರೇಲರ್ ಮಾಡಿದೆ ನೋಡ್ರಿ. ಮೆಹಕರದ ಹೊಲದ ಕಲ್ಲುದಾರಿಗೆ ಬೇಕಾಗಿತ್ತು.

"ಅತ್ತಿ ಹೋಗಿ ಇನ್ನಾ ವರ್ಷ ತುಂಬಿಲ್ಲ, ಬ್ಯಾರೆ ಪತ್ರಾ ತರ್ರಿ" ಅಂದಳು ಹೆಂಡತಿ ಶಶಿಕಲಾ.

"ಖಾಲಿ ಕಣಜ ಇಟ್ಕೊಂಡು ಏನ್ ಮಾಡ್ತಿ?" ಅಂತ ಅಕಿ ಮ್ಯಾಲೇ ಹರಿಹಾಯ್ದೆ.

ವೆಲ್ಡಿಂಗ್ ಮುಗಿದರೂ ಪತ್ರಾದಾಗಿನ ಬೇವಿನೆಲಿ ವಾಸನಿ ಹೋಗಲಿಲ್ಲ. ಭಾಲ್ಕಿ ಬ್ಯಾಸಗಿ ಬಿಸಿಲಾಗೂ ಪತ್ರಾ ತಣ್ಣಗ ಇತ್ತು.

ಜ್ವಾಳ ಎಷ್ಟು ಉಳದದ ಅಂತ ಅವ್ವ ಕಣಜ ಬೆರಳಿಲೆ ಬಡದು ನೋಡ್ತಿದ್ದಳು. ಖಾಲಿ ಇದ್ದಲ್ಲಿ ಠಣ್ ಅಂತಿತ್ತು, ಜ್ವಾಳ ಇದ್ದಲ್ಲಿ ದಬ್ ಅಂತಿತ್ತು. ಏನೂ ತುಂಬದ ಟ್ರೇಲರ್ ನಾನೂ ಹಂಗೇ ಬಡದೆ. ಮ್ಯಾಲೆ ಠಣ್ ಅಂತು. ತಳದಿಂದ ಮೊಳದೆತ್ತರದ ತನಕ ದಬ್ ಅಂತು.

ಆ ದಬ್ ತಿಂಗಳಾ ತಿಂಗಳಾ ಕೆಳಗ ಇಳೀಲಿಕತ್ತದ, ಮನಿಮಂದಿ ಕುಂತು ಉಂಡಂಗ. ಕೊಯ್ಯಬಾರದಿತ್ರಿ. ಮೊನ್ನಿ ಬಡದಾಗ ನಾಲ್ಕು ಬೆರಳಷ್ಟೇ ಉಳದಿತ್ತು.