ಮೊಳಕೆ ಒಡೆಯದ ಹುಲ್ಲುಬೀಜ

“ಟೀಚರ್, ಭಾಗ್ಯಶ್ರೀದು ಮೊಳಕೀನ ಬಂದಿಲ್ರೀ!” ಪ್ರಶಾಂತ ಬೆಂಚಿನ ಮೇಲೆ ಬಗ್ಗಿ ಕೂಗಿದ.

ಎಲ್ಲರೂ ಓಡಿ ಬಂದರು. ಪ್ರಶಾಂತನ ಪ್ಲೇಟಿನಲ್ಲಿ ಹೆಸರುಕಾಳು ಬಿಳಿ ಬಾಲ ಬಿಟ್ಟುಕೊಂಡು ಕೂತಿತ್ತು. ಸುಹಾನಾ ತಂದ ಮೆಂತ್ಯ ಪುಟ್ಟ ಎಲೆಗಳನ್ನೇ ಬಿಟ್ಟಿತ್ತು. ಭಾಗ್ಯಶ್ರೀಯ ಒದ್ದೆ ಬಟ್ಟೆಯ ಮೇಲೆ ಮಾತ್ರ ಹುಲ್ಲಿನ ಬೀಜ ಹಾಕಿದಂತೆಯೇ ಬಿದ್ದಿತ್ತು. ಎಲ್ಲರಿಗಿಂತ ಮೊದಲು ಹಾಕಿದವಳು ಅವಳೇ.

“ನಿಮ್ಮವ್ವ ಮಾರೋ ಬೀಜ ಇದೇನ? ಸತ್ತಾವ ಬಿಡು,” ಅಂದ ಪ್ರಶಾಂತ.

ಭಾಗ್ಯಶ್ರೀ ಪ್ಲೇಟನ್ನು ತನ್ನತ್ತ ಎಳೆದುಕೊಂಡಳು. ಮುಖ ಬಿಸಿಯಾಯಿತು.

ಮಾಸೂರಿನಲ್ಲಿ ಕೆರೆಯ ನೀರು ಹತ್ತದ ದಿಬ್ಬದ ಮೇಲೆ ಅವರದೊಂದು ತುಂಡು ಹೊಲ. ಅಲ್ಲಿ ಅವಳವ್ವ ಸವಿತಾ ಅಂಜನ ಹುಲ್ಲು ಬೆಳೆಯುತ್ತಿದ್ದಳು. ದನಕ್ಕೆ ಹಾಕಲಿಕ್ಕಲ್ಲ, ಬೀಜಕ್ಕೆ. ಆ ಹುಲ್ಲಿನ ತೆನೆಗಳೆಲ್ಲ ಒಮ್ಮೆಲೇ ಮಾಗುವುದಿಲ್ಲ. ಮಾಗಿದ್ದನ್ನು ಗಾಳಿಯೇ ಉದುರಿಸಿಬಿಡುತ್ತದೆ. ಅದಕ್ಕೇ ಶಾಲೆ ಬಿಟ್ಟ ಮೇಲೆ ಭಾಗ್ಯಶ್ರೀಯೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೊಲಕ್ಕೆ ಇಳಿಯುತ್ತಿದ್ದಳು. ತೆನೆಯನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮಾಗಿದ ಬೀಜ ಕೈಗೆ ಬರುತ್ತಿತ್ತು. ಹಸಿರು ತೆನೆ ಗಿಡದಲ್ಲೇ ಉಳಿಯುತ್ತಿತ್ತು.

ಅಷ್ಟು ಆರಿಸಿ ತಂದ ಬೀಜ ಸತ್ತದ್ದಾ?

ಅವಳು ಮನೆಗೆ ಬಂದಾಗ ಅವ್ವ ದಬ್ಬಣ ಹಿಡಿದು ಬೀಜದ ಚೀಲದ ಬಾಯಿ ಹೊಲಿಯುತ್ತಿದ್ದಳು. ಶಿಗ್ಗಾಂವಿಯ ಬಂದೇಸಾಬ ಕಾಕಾ ಮುಂದಿನ ವಾರ ಬಂದು ಒಯ್ಯುವವರಿದ್ದರು. ದನ ಮೇಯುವ ಗಾಯರಾಣ ಬರಡಾದ ಊರುಗಳಲ್ಲಿ ಅದನ್ನು ಬಿತ್ತಿಸುತ್ತಿದ್ದರು.

“ಯವ್ವಾ, ಹೊಲೀಬ್ಯಾಡ!”

“ಯಾಕಬೇ?”

“ಇವು ಹುಟ್ಟಂಗಿಲ್ಲ. ಸಾಲ್ಯಾಗ ನಾನ ನೋಡೇನಿ. ಕೊಟ್ರ ಕಾಕಾ ನಿನ್ನ ಮ್ಯಾಲ ಸಿಟ್ಟಾಗ್ತಾರ.”

ಅವ್ವ ಬೈಯಲಿಲ್ಲ. ಒಂದು ಚಿಟಿಕೆ ಬೀಜ ತೆಗೆದು ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಊದಿದಳು. ತುಪ್ಪಳವೆಲ್ಲ ಹಾರಿತು. ರವೆಯಂಥ ಕಾಳು ಉಳಿಯಿತು.

“ನೋಡು, ಜೊಳ್ಳಲ್ಲ. ಒಳಗ ಕಾಳೈತಿ.”

“ಮತ್ತ ಯಾಕ ಹುಟ್ಲಿಲ್ಲ?”

ಅವ್ವ ಗೋಡೆಯ ಮಾಡದೊಳಗಿಂದ ಒಂದು ಡಬ್ಬಿ ತೆಗೆದಳು. “ಇದು ಹ್ವಾದ ವರ್ಷದ್ದು. ಹೊಸಾದರ ಜೋಡಿ ಹಾಕಿ ನೋಡು.”

“ಹೊಸಾದ ಹುಟ್ಟಿಲ್ಲ, ಹಳೇದ ಹುಟ್ಟತೈತೇನ?”

“ನನ್ನ ಯಾಕ ಕೇಳ್ತಿ? ಬೀಜಾನ ಕೇಳು.”

ಭಾಗ್ಯಶ್ರೀ ಒಂದೇ ಪ್ಲೇಟಿನಲ್ಲಿ ಎರಡೂ ಹಾಕಿದಳು. ನಡುವೆ ಒಂದು ದಾರ ಇಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಹಲ್ಲು ತಿಕ್ಕುವಾಗ ನೋಡಿದಳು, ಊಟ ಮಾಡುವಾಗ ನೋಡಿದಳು. ಎರಡೂ ಕಡೆ ಸುಮ್ಮನೆ.

ಶನಿವಾರ ಬೆಳಿಗ್ಗೆ ಬಟ್ಟೆ ಎತ್ತಿದವಳು ಹಾಗೇ ನಿಂತಳು. ದಾರದ ಒಂದು ಬದಿಗೆ ಸೂಜಿ ಮೊನೆಯಂಥ ಹಸಿರು ಎದ್ದಿತ್ತು.

“ಯವ್ವಾ! ಹಳೇದು ಹುಟ್ಟೈತಿ! ಹೊಸಾದು ಇಲ್ಲ! ಯಾಕ?”

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, “ಹೊಲದಾಗ ಬೀಜ ಯಾವಾಗ ಉದುರತಾವ?”

“ಈಗ. ಮಳಿ ನಿಂತ ಮ್ಯಾಲ.”

“ಈಗ ಹುಟ್ಟಿದ್ರ ಮುಂದ?”

ಭಾಗ್ಯಶ್ರೀ ಬಾಗಿಲಾಚೆ ನೋಡಿದಳು. ಮುಂದೆ ಚಳಿ. ಆಮೇಲೆ ಬೇಸಿಗೆ. ದಿಬ್ಬದ ಮಣ್ಣು ಕಾದು ಕಾಲು ಸುಡುತ್ತದೆ. ಅಲ್ಲಿ ಇಷ್ಟೇ ಇಷ್ಟು ಮೊಳಕೆ...

“ಒಣಗಿ ಹೋಗ್ತಾವ,” ಅಂದಳು ಮೆಲ್ಲಗೆ. ಮತ್ತೆ ಪ್ಲೇಟಿನತ್ತ ಬಗ್ಗಿ, “ಹಂಗಾರ ಮುಂದಿನ ಮಳಿಗಾಲದ ದಾರಿ ಕಾಯಾಕತ್ತಾವೇನ?”

“ಹೂಂ.”

“ಅದಕ್ಕ ಕಣ್ಣಿಲ್ಲ, ಕಿವಿ ಇಲ್ಲ. ಹೆಂಗ ಗೊತ್ತಾಗತೈತಿ?”

“ಅದು ನನಗೂ ಗೊತ್ತಿಲ್ಲವ್ವಾ,” ಅವ್ವ ನಕ್ಕಳು.

ಮರುದಿನ ಬಂದೇಸಾಬ ಕಾಕಾನ ಟೆಂಪೋ ಮನೆ ಮುಂದೆ ನಿಂತಿತು. ಭಾಗ್ಯಶ್ರೀ ಮೊದಲೇ ಹೇಳಿಬಿಟ್ಟಳು, “ಕಾಕಾ, ಇವು ಈಗ ಹುಟ್ಟಂಗಿಲ್ರಿ.”

“ಗೊತ್ತೈತಿ ಬೇಟಾ. ನಾವು ಬಿತ್ತೋದು ಮಳಿ ಬಂದ ಮ್ಯಾಲ.”

ಅವರು ಚೀಲ ಎತ್ತಿ ಟೆಂಪೋದೊಳಗೆ ಎಸೆಯಲು ಹೊರಟರು. ಭಾಗ್ಯಶ್ರೀ ಓಡಿ ಹೋಗಿ ಇನ್ನೊಂದು ಮೂಲೆ ಹಿಡಿದಳು.

“ಹಗೂರಕ ಇಡ್ರಿ ಕಾಕಾ.”

“ಯಾಕ? ಒಡಿಯೋ ಸಾಮಾನೈತೇನ ಇದ್ರಾಗ?”

ಅವಳು ಚೀಲದ ತಳಕ್ಕೂ ಕೈ ಕೊಟ್ಟಳು. ಕಾಕಾನ ಜೊತೆ ಚೀಲವನ್ನು ಸದ್ದಾಗದಂತೆ ಮೆಲ್ಲಗೆ ಇಳಿಸಿದಳು.